ದೋರೆಗಾಯಿಯ ದೀರ್ಘ

ನಾನು ಬಾಯಿ ಬಿಡದೇ ಕೂತಾಗಲೇ ನನ್ನ ಸುತ್ತ ಇಂಥವೆಲ್ಲ ನಡೆಯುತ್ತವೆ. ಬಾಯಿ ಬಿಟ್ಟರೆ ಇನ್ನೂ ಜಾಸ್ತಿ ನಡೆಯುತ್ತವೆ. ಎರಡರಲ್ಲಿ ಯಾವುದು ವಾಸಿ ಎಂದು ಇವತ್ತಿಗೂ ತೀರ್ಮಾನಿಸಲು ಆಗಿಲ್ಲ.

ನಮ್ಮದು ಹೊಸನಗರ. ಅಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾಳೆ. ಮಗಳು ತನ್ನ ಹಾಗೆ ಬೇರೆಯವರ ಕಾಗದದ ನಕಲು ತೆಗೆಯುತ್ತ ಕೂರಬಾರದು ಎಂದು ನನ್ನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದಳು. ಕನ್ನಡ ಮಾತಾಡಿದರೆ ಫೈನ್ ಹಾಕುವ ಸ್ಕೂಲು. ಇಂಗ್ಲಿಷ್ ತಪ್ಪಾದರೆ ಎಲ್ಲರೂ ನಗುವ ಸ್ಕೂಲು. ಹಾಗಾಗಿ ನಾನು ಎರಡೂ ಭಾಷೆಯಲ್ಲಿ ಸುಮ್ಮನಿರುವುದನ್ನು ಕಲಿತೆ.

ಎಂ.ಎಸ್ಸಿ. ಮುಗಿಸಿದ ಮೇಲೆ ಸಾಗರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಕಾಡುಹಣ್ಣು ತರಬೇಕು. ಮೈಯ ಜೀವಕೋಶಗಳು ಬೇಗ ಹಾಳಾಗದಂತೆ ಕಾಯುವ ಆ್ಯಂಟಿಆಕ್ಸಿಡೆಂಟ್ ಎಂಬ ಅಂಶ, ಕಾಯಿ ಹಣ್ಣಾಗುತ್ತ ಹೋದ ಹಾಗೆ ಏರುತ್ತದೋ ಇಳಿಯುತ್ತದೋ ನೋಡಬೇಕು. ನೋಡುವ ಕ್ರಮ ಸುಲಭ. ಒಂದು ನೇರಳೆ ಬಣ್ಣದ ದ್ರಾವಣಕ್ಕೆ ಹಣ್ಣಿನ ರಸ ಬಿಡುವುದು. ಬಣ್ಣ ಎಷ್ಟು ಹೋಗುತ್ತದೋ ಹಣ್ಣಿಗೆ ಅಷ್ಟು ಶಕ್ತಿ ಎಂದು ಲೆಕ್ಕ. ನಮ್ಮ ಲ್ಯಾಬಿನಲ್ಲಿ ದ್ರಾವಣದ ಬಣ್ಣಕ್ಕಿಂತ ಮೊದಲು ನನ್ನ ಬಣ್ಣ ಹೋಯಿತು, ಅದು ಬೇರೆ ಮಾತು.

ನಾನು ಈ ಕೆಲಸಕ್ಕೆ ಸೇರಿದ್ದು ಒಂದೇ ಆಸೆಗೆ. ಕೊನೆಗೆ ಬರುವ ರಿಪೋರ್ಟಿನಲ್ಲಿ ನನ್ನ ಹೆಸರು ಇರಬೇಕು. ಪಿಎಚ್.ಡಿ. ಸೀಟಿನ ಇಂಟರ್‌ವ್ಯೂನಲ್ಲಿ ಮಾತಾಡಲು ಬಾರದವಳ ಪರವಾಗಿ ಆ ಪುಟವಾದರೂ ಮಾತಾಡುತ್ತದೆ. ಸೇರಿದ ದಿನವೇ ನಮ್ಮ ಪ್ರಾಜೆಕ್ಟಿನ ಸರ್ ಅಂದಿದ್ದರು, "ನಿನ್ನ ಹೆಸರು ಹಾಕೋಣಮ್ಮ. ಮೊದಲು ಹಣ್ಣು ತಗೊಂಡು ಬಾ."

ನಾನು ಹಣ್ಣು ತಂದೆ.

ಎಷ್ಟಾಯ್ತೆ?

ಮೊದಲು ಹೋದದ್ದು ಹೊಸನಗರದ ಆಚೆ ಒಂದು ಹಳ್ಳಿಗೆ, ಮುಳ್ಳುಪೊದೆಯಲ್ಲಿ ಬಿಡುವ ಕವಳಿಕಾಯಿ ತರಲು. ಅಲ್ಲೊಬ್ಬ ಅಜ್ಜಿಗೆ ಗುಡ್ಡದ ಪ್ರತಿ ಪೊದೆಯೂ ಗೊತ್ತು ಎಂದು ಯಾರೋ ಹೇಳಿದ್ದರು. ಬಸ್ಸಿನಲ್ಲಿ ಕೂತು ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿ, ಕನ್ನಡಕ್ಕೆ ತಿರುಗಿಸಿ, ಮೂರು ಸಲ ಬಾಯಿಪಾಠ ಮಾಡಿಕೊಂಡು ಹೋದೆ. ಅಜ್ಜಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು.

"ಅಜ್ಜಿ, ನಂಗೆ ಕವಳಿಕಾಯಿ ಬೇಕಿತ್ತು. ತುಂಬ ಎಳೇದು. ಒಳ್ಳೆ ಹುಳಿ, ಒಗರು ಇರ್ಬೇಕು."

ಅಜ್ಜಿಯ ಕೈ ಹಪ್ಪಳದ ಮೇಲೇ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಕುತ್ತಿಗೆ ನೋಡಿದರು. ಅಲ್ಲಿ ಲ್ಯಾಬಿನ ಐಡಿ ಕಾರ್ಡು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ಸ್ವಲ್ಪ ಕೆಳಗೆ ನೋಡಿದರು.

"ಎಷ್ಟಾಯ್ತೆ?"

ಪ್ರಾಜೆಕ್ಟ್ ಶುರುವಾಗಿ ಎಷ್ಟಾಯಿತು ಎಂದು ಕೇಳುತ್ತಿದ್ದಾರೆ ಅಂದುಕೊಂಡೆ. "ಮೂರು ತಿಂಗಳು ಅಜ್ಜಿ."

"ಮನೇಲಿ ಗೊತ್ತಾ?"

"ಅಮ್ಮಂಗೆ ಗೊತ್ತು. ಅಮ್ಮಂಗೆ ಖುಷೀನೇ."

"ಖುಷಿಯಾ! ಕಾಲ ಕೆಟ್ಟೇ ಹೋಯ್ತು. ಮತ್ತೆ ಅವನು?"

"ಯಾರು?"

"ಇದಕ್ಕೆಲ್ಲ ಕಾರಣ ಆದೋನು!"

"ಓ, ಸರ್ರಾ? ಅವ್ರು ಸಾಗರದಲ್ಲಿದಾರೆ. ಅವ್ರೇ ಕಳ್ಸಿದ್ದು, ಹೋಗಿ ಹುಳಿಕಾಯಿ ತಗೊಂಡು ಬಾ ಅಂತ." ಅಜ್ಜಿಯ ಮುಖ ಗಂಭೀರವಾದದ್ದು ನೋಡಿ, ನಮ್ಮ ಸರ್ ಒಳ್ಳೆಯವರು ಎಂದು ತೋರಿಸಲು ಸೇರಿಸಿದೆ. "ಹೆಸರು ಕೊಡ್ತೀನಿ ಅಂದಿದಾರೆ."

ಅಜ್ಜಿ ನನ್ನ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದರು. ಬೆಲ್ಲ, ನೀರು ಕೊಟ್ಟರು. "ಎಲ್ಲ ಹಂಗೇ ಅಂತಾರೆ ಕೂಸೆ," ಅಂದರು. "ಹೆಸರು ಕೊಡ್ತೀನಿ ಅಂದೋರ್ನ ನಾ ಬೇಕಾದಷ್ಟು ನೋಡಿದೀನಿ. ಆಮೇಲೆ ಗುರ್ತೇ ಇಲ್ಲ ಅಂತಾರೆ."

ನಾನು ಚೀಲದ ತುಂಬ ಕವಳಿಕಾಯಿ ಹೊತ್ತು ಮನೆಗೆ ಬರುವಷ್ಟರಲ್ಲಿ ಸುದ್ದಿ ಅಮ್ಮನ ಅಂಗಡಿ ತಲುಪಿತ್ತು. ಆಧಾರ್ ಕಾರ್ಡಿನ ಝೆರಾಕ್ಸ್ ತೆಗೆಸಲು ಬಂದ ಯಾರೋ ಕಾರ್ಡಿನ ಜೊತೆ ಅದನ್ನೂ ಕೊಟ್ಟು ಹೋಗಿದ್ದರು. ಅಮ್ಮ ಮೆಷಿನ್ ಆಫ್ ಮಾಡಿ ಕೂತಿದ್ದಳು. ಎಲ್ಲ ಬಿಡಿಸಿ ಹೇಳಿದ ಮೇಲೂ ಅವಳದು ಒಂದೇ ಪ್ರಶ್ನೆ. "ಅಷ್ಟು ಸರಿಯಾಗಿ ಮೂರು ತಿಂಗಳು ಅಂತ ಯಾಕೆ ಹೇಳಿದೆ?"

ಮುಂದಿನ ವಾರ ಹೋಗಿ ಅಜ್ಜಿಗೂ ಬಿಡಿಸಿ ಹೇಳಿದೆ. ಪ್ರಾಜೆಕ್ಟು, ಕಾಯಿ, ಹಣ್ಣು, ರಿಪೋರ್ಟು, ಅದರಲ್ಲಿ ನನ್ನ ಹೆಸರು. ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಂದರು, "ಹೋಗ್ಲಿ ಬಿಡು, ಅದೆಲ್ಲ ನಾ ತಪ್ಪು ತಿಳ್ಕಂಡಿದ್ದು. ಆ ಹೆಸರಿನ ಮಾತು ಮಾತ್ರ ಹಂಗೇ ಇಟ್ಕ."

ಹೆಬ್ಬೆಟ್ಟು

ಅವತ್ತು ಅಜ್ಜಿ ನಾಲ್ಕು ಎಲೆ ಹಾಸಿ ಕವಳಿಯನ್ನು ನಾಲ್ಕು ಗುಡ್ಡೆ ಮಾಡಿಟ್ಟಿದ್ದರು. "ಇದು ಮಿಡಿ. ಇದು ಕಾಯಿ. ಇದು ದೋರೆಗಾಯಿ. ಇದು ಹಣ್ಣು."

ನನಗೆ ಕನ್ನಡದಲ್ಲಿ ಗೊತ್ತಿದ್ದದ್ದು ಕಾಯಿ ಮತ್ತು ಹಣ್ಣು ಎರಡೇ. "ದೋರೆಗಾಯಿ ಅಂದ್ರೆ?"

"ನಿನ್ನ ಹಂಗೆ. ಓದೆಲ್ಲ ಮುಗ್ದಿದೆ, ಮಾತು ಬರೂದಿಲ್ಲ. ಕಾಯೂ ಅಲ್ಲ, ಹಣ್ಣೂ ಅಲ್ಲ."

ಹಣ್ಣಿನ ವಿವರ ತುಂಬಲು ಲ್ಯಾಬಿನವರು ಕೊಟ್ಟಿದ್ದ ಫಾರಂ ತಯಾರಿಸಿದವರಿಗೂ ಅಷ್ಟೇ ಕನ್ನಡ ಬರುತ್ತಿತ್ತೆಂದು ಕಾಣುತ್ತದೆ. ಅದರಲ್ಲಿ ಮೂರೇ ಮನೆ. ಎಳೆಕಾಯಿ, ಬಲಿತ ಕಾಯಿ, ಹಣ್ಣು. ದೋರೆಗಾಯಿಗೆ ಮನೆ ಇಲ್ಲ. ಪಕ್ಕದಲ್ಲಿ 'ಸ್ಥಳೀಯ ಹೆಸರು' ಎಂಬ ಕಾಲಂ ಖಾಲಿ ಇತ್ತು. ಮರೆತುಹೋಗದಿರಲಿ ಎಂದು ಅದರಲ್ಲಿ ಬರೆದೆ. ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ಬರೆದೆ. ಡಿ, ಓ, ಆರ್, ಇ. ಇಂಗ್ಲಿಷ್ ಅಕ್ಷರಕ್ಕೆ ದೀರ್ಘದ ಹಂಗಿಲ್ಲ ಎಂಬುದು ಅಷ್ಟು ವರ್ಷ ಇಂಗ್ಲಿಷಿನಲ್ಲೇ ಓದಿದ ನನಗೆ ಹೊಳೆಯಲಿಲ್ಲ.

ಪರೀಕ್ಷೆ ಮಾಡಿದೆವು. ಕವಳಿ ಎಳೆಯದಾಗಿದ್ದಾಗ ಬಾಯಿ ಒಗರು ಮಾಡುವ ಅಂಶ ಜಾಸ್ತಿ. ಹಣ್ಣಾಗುತ್ತ ಒಗರು ಇಳಿದು, ಕಪ್ಪುನೇರಳೆ ಬಣ್ಣ ಕೊಡುವ ಅಂಶ ಏರುತ್ತದೆ. ಎರಡೂ ಕಾಯುವ ಅಂಶಗಳೇ. ದೋರೆಯಲ್ಲಿ ಒಂದು ಪೂರ್ತಿ ಹೋಗಿರುವುದಿಲ್ಲ, ಇನ್ನೊಂದು ಆಗಲೇ ಬರಲು ಶುರುವಾಗಿರುತ್ತದೆ. ನಮ್ಮ ಪಟ್ಟಿಯಲ್ಲಿ ದೋರೆಗಾಯಿ ಹಣ್ಣಿಗಿಂತ ಮೇಲೆ ಬಂದು ಕೂತಿತು.

ಸರ್ ಪಟ್ಟಿ ನೋಡಿ ಕುರ್ಚಿಯಿಂದ ಎದ್ದರು. ಅವರು ಬೇರೆ ಜಿಲ್ಲೆಯವರು, ಹಣ್ಣನ್ನು ಅಂಗಡಿಯಲ್ಲೇ ನೋಡಿ ಬೆಳೆದವರು. "ಏನಿದು? ದೊರೆಕಾಯಿ! ದೊರೆ ಅಂದ್ರೆ ರಾಜ. ರಾಯಲ್ ಫ್ರೂಟ್! ಇದು ಬೇರೇನೇ ಹಣ್ಣು! ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ಸರ್, ಅದು..." ಅಂದೆ. ಫೋನ್ ಬಂತು, ಎದ್ದು ಹೋದರು.

ಮರುದಿನ ಬಾಗಿಲಲ್ಲಿ ನಿಂತು ಧೈರ್ಯ ಮಾಡಿದೆ. "ಸರ್, ಆ ದೊರೆಕಾಯಿಯಲ್ಲಿ ಒಂದು ದೀರ್ಘ ಇದೆ."

"ದೀರ್ಘ ಇದ್ರೆ ನಾಳೆ ಮಾತಾಡೋಣ. ಈಗ ಮೀಟಿಂಗ್ ಇದೆ."

ಮೂರನೇ ಸಲ ಬಾಯಿಯ ಸಹವಾಸವೇ ಬೇಡ ಎಂದು ಇಮೇಲ್ ಬರೆದೆ. ಅದು ರಾಜನ ಹಣ್ಣಲ್ಲ, ಕವಳಿಯದೇ ಅರೆಹಣ್ಣು, ಇಂಗ್ಲಿಷಿನಲ್ಲಿ ಬರೆದದ್ದರಿಂದ ಓದಲು ಗೊಂದಲವಾಗಿದೆ, ಕ್ಷಮಿಸಿ ಎಂದು ವಿವರವಾಗಿ. ಐದೇ ನಿಮಿಷದಲ್ಲಿ ಉತ್ತರ ಬಂತು. ಒಂದು ಹೆಬ್ಬೆರಳಿನ ಚಿತ್ರ.

ನಮ್ಮ ಕಡೆ ಹೆಬ್ಬೆಟ್ಟು ಒತ್ತುವವರು ಅಂದರೆ ಓದಲು ಬಾರದವರು.

ಕುಟುಂಬದಲ್ಲೇ ಇದೆ

ತೀರ್ಥಹಳ್ಳಿ ಕಡೆಯಿಂದ ಮುರುಗಲು, ಅಂದರೆ ಪುನರ್ಪುಳಿ ಹಣ್ಣು ಬೇಕಿತ್ತು. ಒಂದೇ ಮರದ ಕಾಯಿಯನ್ನು ವಾರವಾರ ನೋಡಬೇಕಲ್ಲ, ಗುರುತಿಗೆ ಕೊಂಬೆಗಳಿಗೆ ಕೆಂಪು ರಿಬ್ಬನ್ ಕಟ್ಟುವ ಕ್ರಮ. ಮರದ ಯಜಮಾನರು ದೊಡ್ಡ ಹಿಡುವಳಿಯ ಗೌಡರು. ಒಳ್ಳೆ ಕಾಫಿ ಕೊಟ್ಟು, ನಾನು ಹೇಳಿದ್ದಕ್ಕೆಲ್ಲ ತಲೆದೂಗಿದರು. "ಕಟ್ಟಿ ಕಟ್ಟಿ, ನಮ್ಮದೇನೂ ಅಡ್ಡಿಲ್ಲ."

ಮುಂದಿನ ವಾರ ಹೋದರೆ ಮರದಲ್ಲಿ ಒಂದೂ ರಿಬ್ಬನ್ ಇಲ್ಲ. ಬೇಲಿಯ ಆಚೆ ಇನ್ನೊಂದು ಮುರುಗಲು ಮರ ಮದುವಣಗಿತ್ತಿಯ ಹಾಗೆ ಕೆಂಪಾಗಿ ನಿಂತಿದೆ. ಅದು ಗೌಡರ ದಾಯಾದಿಯ ಮರ.

ಬೇಲಿಯನ್ನೇ ನೋಡುತ್ತ ನಿಂತೆ. ಗೌಡರೇ ಹೇಳಿದರು.

"ನೋಡಿ ಮೇಡಂ, ನಾವು ಡ್ಯಾಮಲ್ಲಿ ಮುಳುಗಡೆ ಆಗಿ ಬಂದೋರು. ನಮ್ಮಪ್ಪನ ಕಾಲದಲ್ಲೂ ಹೀಗೇ ಯಾರೋ ಬಂದ್ರಂತೆ. ನಿಮ್ ಹಂಗೇ ಮೆತ್ತಗೆ ಮಾತಾಡಿದ್ರಂತೆ, ಕಾಫಿನೂ ಕುಡಿದ್ರಂತೆ. ಗುರ್ತು ಹಾಕಿ ಹೋದ್ರು. ಆಮೇಲೆ ಆ ಗುರ್ತಿನ ಮೇಲೆ ನೀರು ನಿಂತು, ಊರೇ ಕಾಣ್ಲಿಲ್ಲ."

"ಇದು ಬರೀ ಹಣ್ಣಿಗೆ..."

"ಅವರೂ ಬರೀ ಮಳೆ ಲೆಕ್ಕಕ್ಕೆ ಅಂದಿದ್ರಂತೆ."

ಸುಮ್ಮನೆ ಬೇಲಿ ಸುತ್ತಿ ದಾಯಾದಿಯ ಮನೆಗೆ ಹೋದೆ. ಅಲ್ಲೂ ಒಳ್ಳೆ ಕಾಫಿ ಕೊಟ್ಟರು, ಅಲ್ಲೂ ತಲೆದೂಗಿದರು. ಅದರ ಮುಂದಿನ ವಾರ ಹೋದರೆ ಆ ಮರವೂ ಬೋಳು. ರಿಬ್ಬನ್ನುಗಳು ಇನ್ನೂ ಆಚೆಯ ಚಿಕ್ಕಪ್ಪನ ಮರಕ್ಕೆ ಹೋಗಿದ್ದವು.

ನನ್ನ ಸಪ್ಪೆ ಮುಖ ನೋಡಿ ಮೊದಲಿನ ಗೌಡರಿಗೆ ಪಾಪ ಅನಿಸಿತು. ಬೇಲಿಯ ಹತ್ತಿರ ಬಂದು ಸಮಾಧಾನ ಹೇಳಿದರು. "ಯೋಚ್ನೆ ಮಾಡ್ಬೇಡಿ ಮೇಡಂ. ನಿಮ್ ರಿಬ್ಬನ್ ಎಲ್ಲೂ ಹೋಗಿಲ್ಲ. ನಮ್ ಕುಟುಂಬದಲ್ಲೇ ಇದೆ."

ಯಾರ ಮನೆ ಆಂಟಿ?

ಹೊಸನಗರದಿಂದ ಸಾಗರಕ್ಕೆ ನಾನು ದಿನಾ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆ. ತೊಡೆಯ ಮೇಲೆ ಐಸ್ ತುಂಬಿದ ಡಬ್ಬಿ, ಅದರೊಳಗೆ ಹಣ್ಣು. ಒಂದು ಬೆಳಿಗ್ಗೆ ಬಸ್ಸು ಏರು ಹತ್ತುತ್ತಿರುವಾಗ ಸರ್ ಫೋನ್ ಮಾಡಿದರು. ಇಂಜಿನ್ನಿನ ಅಬ್ಬರಕ್ಕೆ ಅವರಿಗೆ ಏನೂ ಕೇಳುತ್ತಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನಾಲ್ಕು ಜನರ ಮಧ್ಯೆ ಕೂಗಿ ಮಾತಾಡಿದೆ.

"ಆಂಟಿಆಕ್ಸಿಡೆಂಟ್ ಸರ್! ಹೌದು ಸರ್, ಆಂಟಿಆಕ್ಸಿಡೆಂಟ್! ಮೊದ್ಲು ಚೆನ್ನಾಗಿತ್ತು ಸರ್, ಈಗ ತುಂಬ ಇಳಿದಿದೆ! ಪೂರ್ತಿ ಹಣ್ಣಾಗಿದೆ ಸರ್! ಐಸಲ್ಲಿ ಇಟ್ಕೊಂಡು ಬರ್ತಿದೀನಿ! ಬೇಗ ತಲುಪ್ಲಿಲ್ಲ ಅಂದ್ರೆ ಕೈಬಿಟ್ಟ ಹಾಗೇ ಸರ್!"

ಫೋನ್ ಇಟ್ಟು ನೋಡಿದರೆ ಇಡೀ ಬಸ್ಸು ನನ್ನನ್ನೇ ನೋಡುತ್ತಿದೆ.

ಪಕ್ಕದ ಹೆಂಗಸು ನನ್ನ ಕೈ ಮುಟ್ಟಿ ಕೇಳಿದರು, "ಯಾರ ಮನೆ ಆಂಟಿನಮ್ಮಾ?"

ಕಂಡಕ್ಟರ್ ಸೀಟುಗಳ ಮಧ್ಯೆ ನುಗ್ಗಿ ಬಂದ. "ಎಲ್ಲಿ ತಂಗಿ ಆಕ್ಸಿಡೆಂಟು? ಯಾವ ಗಾಡಿ?"

"ಪೂರ್ತಿ ಹಣ್ಣುಗಾಯಿ ನೀರುಗಾಯಿ ಆಗಿದಾರಂತೆ ಪಾಪ," ಹಿಂದಿನ ಸೀಟಿನಿಂದ ಯಾರೋ ಅಂದರು.

"ಐಸಲ್ಲಿ ಎಂತ ಉಂಟಂತೆ?"

ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸುಲಭ ಎಂದು ಡಬ್ಬಿಯ ಮುಚ್ಚಳ ತೆಗೆದೆ. ಕಳಿತ ಕವಳಿಹಣ್ಣು ಒಡೆದು ಐಸೆಲ್ಲ ಕೆಂಪಾಗಿತ್ತು.

"ಅಯ್ಯೋ ಮುಚ್ಚಮ್ಮಾ! ಮುಚ್ಚು!"

ಕಂಡಕ್ಟರ್ ಡ್ರೈವರಿಗೆ ಕೂಗಿದ. "ರೈಟ್ ರೈಟ್! ಎಲ್ಲೂ ನಿಲ್ಲಿಸ್ಬೇಡ, ಸೀದಾ ಆಸ್ಪತ್ರೆಗೆ ಬಿಡು!"

ದಾರಿ ಮಧ್ಯದ ಬಟ್ಟೆಮಲ್ಲಪ್ಪ ಊರಿನಲ್ಲಿ ಇಳಿಯುವವರು ಚೀಲ ಹಿಡಿದು ಬಾಗಿಲಲ್ಲಿ ನಿಂತೇ ಸಾಗರದವರೆಗೆ ಬಂದರು. ಒಬ್ಬರೂ ತಕರಾರು ಮಾಡಲಿಲ್ಲ. ಅಷ್ಟು ಒಳ್ಳೆಯತನದ ಎದುರು 'ಇದು ಹಣ್ಣು' ಎಂದು ಹೇಳುವ ಕ್ರೌರ್ಯ ನನಗೆ ಸಾಧ್ಯವಾಗಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಇಳಿದು, ಬಸ್ಸು ತಿರುಗಿ ಮರೆಯಾಗುವವರೆಗೆ ಒಳಗೆ ಓಡುವ ಹಾಗೆ ಮಾಡಿ, ಆಮೇಲೆ ಹೊರಗೆ ಬಂದು ಕಾಲೇಜಿಗೆ ನಡೆದೆ.

ಅವತ್ತಿನಿಂದ ಕಂಡಕ್ಟರ್ ಬಿಡದೇ ವಿಚಾರಿಸುತ್ತಾನೆ. "ಆಂಟಿ ಹೇಗಿದಾರೆ ತಂಗಿ?" ಮೊದಲು "ಪರವಾಗಿಲ್ಲ" ಅಂದೆ. ವಾರ ಕಳೆದ ಮೇಲೆ ಐಸಿಯುನಿಂದ ವಾರ್ಡಿಗೆ ತಂದೆ. ತಿಂಗಳಾದ ಮೇಲೆ ಗೋಡೆ ಹಿಡಿದು ನಡೆಸಿದೆ. ಇಲ್ಲದ ಆಂಟಿಯ ಬಗ್ಗೆ ಅವನು ಕೇಳಿದಷ್ಟು ಕಾಳಜಿಯಿಂದ, ಇರುವ ನನ್ನ ಬಗ್ಗೆ ಲ್ಯಾಬಿನಲ್ಲಿ ಒಬ್ಬರೂ ಒಂದು ದಿನವೂ ಕೇಳಿರಲಿಲ್ಲ.

ಶಾಲು

ರಿಪೋರ್ಟು ಬಿಡುಗಡೆ ಕಾಲೇಜಿನ ಸಭಾಂಗಣದಲ್ಲಿ. ವೇದಿಕೆಯ ಮೇಲೆ ಒಂದು ಬ್ಯಾನರು, ಅದರಲ್ಲಿ ಕವಳಿಯ ಚಿತ್ರ, ಕವಳಿಯ ತಲೆಯ ಮೇಲೆ ಕಿರೀಟ. ನನಗೆ ಕೊಟ್ಟ ಜವಾಬ್ದಾರಿ ಟೀ ಹಂಚುವುದು.

ಹಿಂದಿನ ಸಾಲಿನಲ್ಲಿ ನಿಂತು ಒಂದು ಪ್ರತಿ ತೆರೆದೆ. ಮುಖಪುಟದಲ್ಲಿ ಸರ್ ಹೆಸರು. ಒಳಗೆ ಸರ್ ಜೊತೆಗೆ ಇನ್ನಿಬ್ಬರ ಹೆಸರು, ಇಬ್ಬರೂ ಒಂದು ಕಾಯಿಯನ್ನೂ ಮುಟ್ಟಿದವರಲ್ಲ. ಕೃತಜ್ಞತೆಯ ಪುಟದಲ್ಲಿ ಫೋಟೋ ತೆಗೆದವರು, ಪುಟ ಜೋಡಿಸಿದವರು, ಊಟದ ವ್ಯವಸ್ಥೆ ಮಾಡಿದವರು ಎಲ್ಲ ಇದ್ದರು. ಎರಡು ಸಲ ಓದಿದೆ. ಕೊನೆಯಲ್ಲಿ 'ಮತ್ತು ನೆರವಾದ ಇತರರು' ಎಂದಿತ್ತು. ಇತರರು ಯಾರು ಎಂದು ನೋಡಲು ತಲೆ ಎತ್ತಿದೆ. ಟ್ರೇ ಹಿಡಿದು ನಿಂತವಳು ನಾನೊಬ್ಬಳೇ.

ವೇದಿಕೆಯ ಮೇಲೆ ನಮ್ಮ ಅಜ್ಜಿಯೂ ಕೂತಿದ್ದರು. ಪಾರಂಪರಿಕ ಜ್ಞಾನದ ಹೆಸರಿನಲ್ಲಿ ಅವರಿಗೆ ಶಾಲು ಹೊದೆಸುವ ಕಾರ್ಯಕ್ರಮವಿತ್ತು. ಶಾಲು ಹೊದೆಸಿ ಆದ ಮೇಲೆ ಸರ್ ಮೈಕಿನ ಮುಂದೆ ನಿಂತರು.

"ಬಂಧುಗಳೇ, ಈ ದೊರೆಕಾಯಿ ಸಾಮಾನ್ಯ ಹಣ್ಣಲ್ಲ. ಹೆಸರೇ ಹೇಳುವಂತೆ ಇದು ದೊರೆಗಳ ಹಣ್ಣು. ಇಕ್ಕೇರಿಯ ಅರಸರು ಇದನ್ನು ಸೇವಿಸಿಯೇ ಅಷ್ಟು ಶಕ್ತಿವಂತರಾಗಿದ್ದರು ಎಂದು ನಾವು ಊಹಿಸಬಹುದು."

ಅಜ್ಜಿಯ ಕುರ್ಚಿ ಮೈಕಿನ ಪಕ್ಕದಲ್ಲೇ ಇತ್ತು. "ಯಾವ ದೊರೆನಾ ಮಾರಾಯಾ?" ಅಂದದ್ದು ಸಭಾಂಗಣದ ತುಂಬ ಕೇಳಿಸಿತು. "ಅದು ದೋರೆಗಾಯಿ! ದೋ...ರೆ! ಅರೆಬರೆ ಹಣ್ಣು! ಅದನ್ನ ತಿಂದ್ರೆ ದೊರೆಗಾದ್ರೂ ಹಲ್ಲು ಜುಂ ಅಂತದೆ!"

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಒಟ್ಟಿಗೆ ನಕ್ಕಿತು. ಮೊದಲ ಸಾಲಿನ ಪ್ರಿನ್ಸಿಪಾಲರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಸರ್ ಒಂದು ಕ್ಷಣ ಬ್ಯಾನರಿನ ಕಿರೀಟ ನೋಡಿದರು. ಆಮೇಲೆ ಅವರ ಕಣ್ಣು ಸಭೆಯನ್ನೆಲ್ಲ ಹುಡುಕುತ್ತ ಬಂದು ನನ್ನ ಟ್ರೇಯ ಮೇಲೆ ನಿಂತಿತು.

"ಫೀಲ್ಡಿನಲ್ಲಿ ಮಾಹಿತಿ ಬರ್ಕೊಂಡು ಬಂದ ನಮ್ಮ ಹುಡುಗಿ ಸ್ವಲ್ಪ ಗಡಿಬಿಡಿ ಮಾಡಿದ ಹಾಗಿದೆ. ಅಗೋ, ಅಲ್ಲಿ ನಿಂತಿದಾಳೆ."

ಎಲ್ಲರೂ ತಿರುಗಿದರು. ನನ್ನ ಫೋನು ಜೇಬಿನಲ್ಲೇ ಇತ್ತು, ಅದರಲ್ಲಿ ಇಮೇಲ್ ಇತ್ತು, ಇಮೇಲಿನ ಕೆಳಗೆ ಹೆಬ್ಬೆರಳೂ ಇತ್ತು. ಎರಡೂ ಕೈಯಲ್ಲಿ ಟ್ರೇ ಹಿಡಿದಿದ್ದೆ.

"ಆ ಕೂಸು ಸರಿಯಾಗೇ ಕೇಳ್ಕಂಡು ಹೋಗಿತ್ತು..." ಅಜ್ಜಿ ಅನ್ನುವಷ್ಟರಲ್ಲಿ ಯಾರೋ ಮೈಕನ್ನು ದೂರ ಸರಿಸಿದರು.

ಸಭೆ ಮುಗಿದು ಜನ ಟೀಗೆ ಬಂದಾಗ ಅಜ್ಜಿ ಶಾಲು ಸುತ್ತಿಕೊಂಡು ನೇರ ನನ್ನ ಹತ್ತಿರ ಬಂದರು. ಕಿವಿ ಮಂದ, ಹಾಗಾಗಿ ಗುಟ್ಟನ್ನೂ ಜೋರಾಗೇ ಕೇಳುತ್ತಾರೆ. "ಕೊನೆಗೂ ಹೆಸರು ಕೊಟ್ನನೇ ಅವನು?"

"ಇಲ್ಲ ಅಜ್ಜಿ."

"ನಾ ಅವತ್ತೇ ಹೇಳಿರ್ಲಿಲ್ವಾ? ಮೂರು ತಿಂಗಳಿದ್ದಾಗ್ಲೇ ಹೇಳಿದ್ದೆ."

ಪಕ್ಕದಲ್ಲಿದ್ದ ಲೆಕ್ಚರರ್ ಮೇಡಂ ಟೀ ಕಪ್ಪು ನಿಧಾನ ಕೆಳಗಿಟ್ಟು ನನ್ನ ಹೊಟ್ಟೆ ನೋಡಿದರು.

ಬೇರೆ ಕಾಗದ

ಪ್ರಿಂಟಾದ ರಿಪೋರ್ಟನ್ನು ಬಿಸಾಡುವಂತಿಲ್ಲ. ಪ್ರತಿಯೊಂದರೊಳಗೂ ಒಂದು ತಿದ್ದುಪಡಿ ಚೀಟಿ ಅಂಟಿಸುವುದೆಂದು ತೀರ್ಮಾನವಾಯಿತು. ಸರ್ ಚೀಟಿ ಟೈಪು ಮಾಡಿ ಕೈಗೆ ಕೊಟ್ಟರು. "ನಿಮ್ಮಮ್ಮಂದೇ ಅಂಗಡಿ ಇದೆಯಲ್ಲಮ್ಮ, ಝೆರಾಕ್ಸ್ ಮಾಡಿಸಿ, ನೀನೇ ಅಂಟಿಸಿಬಿಡು."

ಬಸ್ಸಿನಲ್ಲಿ ಓದಿದೆ. ಇಂಗ್ಲಿಷಿನಲ್ಲಿ ಎರಡೇ ಸಾಲು. 'ದೊರೆಕಾಯಿ' ಎಂಬುದನ್ನು ಅರೆಹಣ್ಣು ಎಂದು ಓದಿಕೊಳ್ಳುವುದು. ಈ ತಪ್ಪು ಪ್ರಾಜೆಕ್ಟ್ ಅಸಿಸ್ಟೆಂಟ್ ಕುಮಾರಿ ಇಂಥವರಿಂದ ಆದದ್ದು. ಇಂಥವರು ಎಂದಲ್ಲಿ ನನ್ನ ಹೆಸರು, ತಂದೆಯ ಇನಿಷಿಯಲ್ ಸಮೇತ, ಒಂದು ಅಕ್ಷರವೂ ತಪ್ಪಿಲ್ಲದೆ.

ಅಮ್ಮನಿಗೆ ಇಂಗ್ಲಿಷ್ ವಾಕ್ಯ ಓದಲು ಬರುವುದಿಲ್ಲ. ಹೆಸರುಗಳನ್ನು ಮಾತ್ರ ಎಲ್ಲಿದ್ದರೂ ಹಿಡಿಯುತ್ತಾಳೆ. ಅಷ್ಟು ವರ್ಷ ಊರವರ ಆಧಾರ್ ಕಾರ್ಡು ನೋಡಿದ ಕಣ್ಣು ಅವಳದು. ಗಾಜಿನ ಮೇಲೆ ಚೀಟಿ ಇಡುವಾಗ ಕೈ ನಿಂತಿತು.

"ಏ, ನಿನ್ನ ಹೆಸರು!"

"ಅಮ್ಮ, ಅದು..."

"ಸುಮ್ನಿರು. ಎಲ್ಲಾ ಬುಕ್ಕಲ್ಲೂ ಇದನ್ನ ಹಾಕ್ತಾರಾ?"

"ಎಲ್ಲದ್ರಲ್ಲೂ."

ಅಮ್ಮ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಮೆಷಿನ್ನಿನ ಹಸಿರು ಬೆಳಕು ಅವಳ ಮುಖದ ಮೇಲೆ ಹಾದುಹೋಯಿತು. "ಉಳಿದೋರ ಹೆಸರೆಲ್ಲ ಪುಸ್ತಕದೊಳಗೆ ಎಲ್ಲೆಲ್ಲೋ ಸಣ್ಣಕ್ಕೆ ಇರುತ್ತೆ," ಅಂದಳು. "ನಿಂಗೆ ಅಂತಲೇ ಬೇರೆ ಕಾಗದ ಮಾಡಿಸಿದಾರೆ ನೋಡು!"

ಒಂದು ಪ್ರತಿಯನ್ನು ಲ್ಯಾಮಿನೇಷನ್ ಮಾಡಿ ಅಂಗಡಿಯ ಗಾಜಿಗೆ ಅಂಟಿಸಿದಳು, 'ಇಲ್ಲಿ ಪ್ಯಾನ್ ಕಾರ್ಡ್ ಅರ್ಜಿ ಸಿಗುತ್ತದೆ' ಎಂಬುದರ ಪಕ್ಕದಲ್ಲಿ. ಇನ್ನೊಂದನ್ನು ಲ್ಯಾಮಿನೇಷನ್ ಮಾಡಿ ನನ್ನ ಫೈಲಿನಲ್ಲಿ ಎಲ್ಲಕ್ಕಿಂತ ಮೇಲಿಟ್ಟಳು. ನಾನು ಸ್ಕೂಲಿನಲ್ಲಿ ಕಲಿತದ್ದನ್ನೇ ಮಾಡಿದೆ. ಸುಮ್ಮನಿದ್ದೆ.

ಆ ಫೈಲು ಹಾಗೇ ಪಿಎಚ್.ಡಿ. ಇಂಟರ್‌ವ್ಯೂಗೆ ಹೋಯಿತು. ಮೇಜಿನ ಆಚೆ ಕೂತಿದ್ದ ಮೇಡಂ ತೆರೆದ ಕೂಡಲೇ ಅದೇ ಕಂಡಿತು. "ಪಬ್ಲಿಕೇಶನ್ನಾ? ಇದರಲ್ಲಿ ನೀವು ಯಾರು, ಆಥರಾ?"

"ಅಲ್ಲ ಮೇಡಂ," ಅಂದೆ. "ತಪ್ಪು ನಾನು."

ಮೂವರೂ ಚೆನ್ನಾಗಿ ನಕ್ಕರು. ಸೀಟು ಬೇರೆಯವರಿಗೆ ಹೋಯಿತು.

ಪ್ರಾಜೆಕ್ಟಿನ ಕೊನೆಯ ದಿನ ಲ್ಯಾಬಿನ ಕೀಲಿ, ಐಸ್ ಡಬ್ಬಿ ಎರಡನ್ನೂ ಒಪ್ಪಿಸಿ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಖಾಲಿ ತೊಡೆ ನೋಡಿ ಅಲ್ಲೇ ನಿಂತ.

"ಡಬ್ಬಿ ಎಲ್ಲಿ ತಂಗಿ? ಆಂಟಿ...?"

ಆಂಟಿಯನ್ನು ಇನ್ನು ಎಷ್ಟು ದಿನ ಗೋಡೆ ಹಿಡಿಸಿ ನಡೆಸಲಿ?

"ಹೋದ್ರು," ಅಂದೆ.

ಅವನು ಟಿಕೆಟಿನ ಚೀಲವನ್ನು ಎದೆಗೆ ಒತ್ತಿಕೊಂಡ. "ಎಷ್ಟು ಓಡಾಡಿದ್ರಿ ನೀವು. ಬಿಸ್ಲಲ್ಲಿ ಐಸ್ ಹೊತ್ಕಂಡು. ಆ ಮನೆಯೋರು ಒಂದು ಮಾತಾದ್ರೂ ಅಂದ್ರಾ?"

"ಒಂದು ಚೀಟಿ ಕೊಟ್ಟಿದಾರೆ."

"ಏನಂತ?"

"ಎಲ್ಲ ತಪ್ಪು ನಂದೇ ಅಂತ."

"ಥೂ!" ಅಂದದ್ದು ಕಂಡಕ್ಟರ್ ಒಬ್ಬನೇ ಅಲ್ಲ, ಮುಂದಿನ ಮೂರು ಸೀಟು. ಅವತ್ತು ಪಕ್ಕದಲ್ಲಿ ಕೂತಿದ್ದ ಹೆಂಗಸೇ ಇವತ್ತೂ ಇದ್ದರು. ನನ್ನ ಬೆನ್ನು ಸವರುತ್ತ ಅಂದರು, "ಬೇಜಾರ್ ಮಾಡ್ಕಬೇಡಮ್ಮ. ಆಂಟಿ ಬದ್ಕಿದ್ದಿದ್ರೆ ನಿನ್ನ ಹೆಸರು ಹೇಳ್ತಿದ್ರು."

ಅಲ್ಲಿಯವರೆಗೆ ಬಾರದ ಅಳು ಆಗ ಬಂತು.

ಕಂಡಕ್ಟರ್ ಡ್ರೈವರಿಗೆ ಕೂಗಿದ. "ಹಾಡು ನಿಲ್ಸಾ! ಆಂಟಿ ಹೋದ್ರಂತೆ!" ಹಾಡು ನಿಂತಿತು. ಹೊಸನಗರ ಬರುವವರೆಗೂ ಆ ಬಸ್ಸಿನಲ್ಲಿ ಒಬ್ಬರೂ ಒಂದು ಮಾತೂ ಆಡಲಿಲ್ಲ. ಅವರಿಗೆಲ್ಲ ಬಹಳ ಕಷ್ಟವಾಯಿತೆಂದು ಕಾಣುತ್ತದೆ. ನನಗೆ ಅಭ್ಯಾಸವಿತ್ತು.